ಜೂನ್ 1ರಿಂದ ಬಿಲ್ಜ್ ಪಂಪ್ ಬದಲಿಸುವ ಕೆಲಸದಲ್ಲಿ ಬದಲಾವಣೆ: ನಮ್ಮ ದೋಣಿ ಮಾಲಕರಿಗೆ ಪತ್ರ

ಗಂಗೊಳ್ಳಿ

ದೋಣಿ ಮಾಲಕರಿಗೆ, ಕಡಲಿನಲ್ಲಿ ದೋಣಿಯ ಮುಂದಾಳುಗಳಾದ ತಾಂಡೇಲರಿಗೆ, ಹಿನ್ನೀರಿನಲ್ಲಿ ಪ್ರವಾಸಿ ದೋಣಿ ನಡೆಸುವ ಎಲ್ಲರಿಗೂ ನಮಸ್ಕಾರ.

ಮುಖ್ಯ ವಿಷಯ ಮೊದಲೇ ಹೇಳಿಬಿಡುತ್ತೇವೆ. ಬರುವ ಜೂನ್ 1ರಿಂದ, ದೋಣಿಯ ತಳದಲ್ಲಿ ಸೇರುವ ನೀರನ್ನು ಹೊರಗೆ ಹಾಕುವ ಬಿಲ್ಜ್ ಪಂಪ್ ಕೆಟ್ಟಾಗ ಅದನ್ನಷ್ಟೇ ಬಿಚ್ಚಿ ಹಳೇ ವೈರಿಗೇ ಹೊಸ ಪಂಪ್ ಜೋಡಿಸಿ ಕೊಡುವ ಕೆಲಸವನ್ನು ನಮ್ಮ ವರ್ಕ್‌ಶಾಪಿನಲ್ಲಿ ನಿಲ್ಲಿಸುತ್ತಿದ್ದೇವೆ. ಇನ್ನು ಮುಂದೆ ಪಂಪ್, ವೈರು, ಫ್ಯೂಸ್, ಫ್ಲೋಟ್ ಸ್ವಿಚ್, ಹೋಸ್ ಪೈಪು ಎಲ್ಲವನ್ನೂ ಒಟ್ಟಿಗೆ ನೋಡುತ್ತೇವೆ. ಕೆಟ್ಟದ್ದನ್ನು ಬದಲಿಸಿ, ದೋಣಿಯ ತಳಕ್ಕೆ ನೀರು ಹಾಕಿ, ಅದು ಎಷ್ಟು ಹೊತ್ತಿನಲ್ಲಿ ಹೊರಗೆ ಹೋಗುತ್ತದೆ ಎಂದು ಅಳೆದೇ ದೋಣಿ ಕೊಡುತ್ತೇವೆ. ಒಂದು ಗಂಟೆಯಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಒಂದು ದಿನ ಹಿಡಿಯಬಹುದು. ಖರ್ಚೂ ಜಾಸ್ತಿ ಆಗಬಹುದು. ಹಾಗಾಗಿ ಕಾರಣವನ್ನು ನಿಮಗೆ ಸರಿಯಾಗಿ ತಿಳಿಸಬೇಕು ಅನ್ನಿಸಿತು.

ಪಂಪ್ ಹೋಯಿತು ಎಂದು ನೀವು ತಂದುಕೊಡುವ ಪಂಪನ್ನು ನಾವು ಮೊದಲು ನೇರವಾಗಿ ಬ್ಯಾಟರಿಗೆ ಹಿಡಿದು ನೋಡುತ್ತೇವೆ. ಎಷ್ಟೋ ಸಲ ಅದು ಅಲ್ಲೇ ಗಿರ್ರನೆ ತಿರುಗುತ್ತದೆ! ಅಂದರೆ ಕೆಟ್ಟದ್ದು ಪಂಪ್ ಅಲ್ಲ, ಪಂಪಿಗೆ ಕರೆಂಟ್ ತರುವ ದಾರಿ. ಇನ್ನು ಕೆಲವು ಪಂಪ್ ನಿಜಕ್ಕೂ ಸುಟ್ಟಿರುತ್ತವೆ. ಆದರೆ ಬಿಚ್ಚಿ ನೋಡಿದರೆ ಒಳಗಿನ ರೆಕ್ಕೆಗೆ ಬಲೆಯ ನೂಲು ಸುತ್ತಿಕೊಂಡಿರುತ್ತದೆ. ಅಲ್ಲಿಗೆ ಹೊಸ ಪಂಪ್ ಹಾಕಿದರೆ ಅದಕ್ಕೂ ಅದೇ ಗತಿ ತಾನೇ?

ವೈರಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಜಾಸ್ತಿ ತೊಂದರೆ ಇರುವುದು ಅಲ್ಲೇ. ಪಂಪಿನಿಂದ ಹೊರಡುವ ವೈರು ಗಿಡ್ಡವಾಗಿರುತ್ತದೆ. ಅದಕ್ಕೆ ಬ್ಯಾಟರಿಯಿಂದ ಬರುವ ವೈರನ್ನು ತಿರುಚಿ, ಮೇಲೆ ಕಪ್ಪು ಟೇಪು ಸುತ್ತುವುದು ಎಲ್ಲ ಕಡೆ ನಡೆಯುತ್ತದೆ. ಆ ಜಾಯಿಂಟ್ ದೋಣಿಯ ತಳದಲ್ಲಿ, ಉಪ್ಪುನೀರಲ್ಲಿ ಬಿದ್ದಿರುತ್ತದೆ. ಟೇಪು ನೀರನ್ನು ತಡೆಯುವುದಿಲ್ಲ. ಉಪ್ಪುನೀರು ಮತ್ತು ಕರೆಂಟ್ ಒಂದೇ ಕಡೆ ಸೇರಿದರೆ ಪಾಸಿಟಿವ್ ವೈರಿನ ತಾಮ್ರ ಬೇಗ ಬೇಗ ಕರಗುತ್ತದೆ. ಟೇಪು ಬಿಚ್ಚಿದರೆ ಹಸಿರು ಪುಡಿ ಕಾಣುತ್ತದಲ್ಲ, ಅದು ಇದೇ. ಅಷ್ಟಕ್ಕೇ ನಿಲ್ಲುವುದೂ ಇಲ್ಲ. ಪ್ಲಾಸ್ಟಿಕ್ ಕವಚದ ಒಳಗೇ ನೀರು ಏರಿಕೊಂಡು ಹೋಗುತ್ತದೆ. ಹೊರಗಿನಿಂದ ಚೆನ್ನಾಗಿ ಕಾಣುವ ವೈರನ್ನು ಒಂದಡಿ ಹಿಂದೆ ಕತ್ತರಿಸಿ ನೋಡಿ, ಒಳಗೆ ಕಪ್ಪಾಗಿರುತ್ತದೆ.

ಹೀಗಾದ ವೈರಿನಲ್ಲಿ ಕರೆಂಟ್ ಪೂರ್ತಿ ನಿಲ್ಲುವುದಿಲ್ಲ, ಕಡಿಮೆಯಾಗುತ್ತದೆ. ಇದು ಹೆಚ್ಚು ಅಪಾಯ. ಬ್ಯಾಟರಿಯಲ್ಲಿ 12.6 ವೋಲ್ಟ್ ಇರುತ್ತದೆ, ಪಂಪ್ ಓಡುವಾಗ ಅದರ ಹತ್ತಿರ ಮೀಟರ್ ಇಟ್ಟರೆ 10 ಕೂಡ ತೋರಿಸುವುದಿಲ್ಲ. ಈ ಜಾತಿಯ ಪಂಪು ನೀರನ್ನು ಎತ್ತುವುದು ವೇಗದ ಬಲದ ಮೇಲೆ. ತಿರುಗುವ ವೇಗ ಅರ್ಧವಾದರೆ ಅದು ನೀರನ್ನು ಎತ್ತಬಲ್ಲ ಎತ್ತರ ಕಾಲು ಭಾಗಕ್ಕೆ ಇಳಿಯುತ್ತದೆ. ಆಗ ಪಂಪಿನ ಸದ್ದು ಕೇಳುತ್ತದೆ, ಪೈಪಿನಲ್ಲಿ ನೀರು ಅರ್ಧದವರೆಗೆ ಏರಿ ಅಲ್ಲೇ ನಿಲ್ಲುತ್ತದೆ, ಹೊರಗೆ ಒಂದು ಹನಿಯೂ ಬೀಳುವುದಿಲ್ಲ. ಎಂಜಿನ್ ಸದ್ದಿನ ನಡುವೆ ಪಂಪ್ ಓಡುತ್ತಿದೆ ಎಂದು ನಂಬಿ ಕೂತವರಿಗೆ ಇದು ಗೊತ್ತಾಗುವುದು ತಳದ ಹಲಗೆ ತೇಲಿದ ಮೇಲೆ.

ಪಂಪಿನ ಡಬ್ಬದ ಮೇಲಿನ ಅಂಕಿಯ ಬಗ್ಗೆಯೂ ಒಂದು ಮಾತು. 1100 ಜಿಪಿಎಚ್ ಎಂದು ಬರೆದಿದ್ದರೆ ಅದು ಗಂಟೆಗೆ 1,100 ಅಮೆರಿಕನ್ ಗ್ಯಾಲನ್, ಅಂದರೆ ಸುಮಾರು 4,160 ಲೀಟರ್. ನಿಮಿಷಕ್ಕೆ 69 ಲೀಟರ್ ಆಯಿತು. ಆದರೆ ಆ ಅಂಕಿ ಬರುವುದು ಪೈಪಿಲ್ಲದೆ, ನೀರನ್ನು ಮೇಲೆ ಎತ್ತದೆ, ಪೂರ್ತಿ ವೋಲ್ಟೇಜ್ ಕೊಟ್ಟು ಓಡಿಸಿದಾಗ. ದೋಣಿಯಲ್ಲಿ ಮೂರು ನಾಲ್ಕು ಅಡಿ ಎತ್ತಬೇಕು, ಪೈಪು ಸುತ್ತು ಹಾಕಿಕೊಂಡು ಹೋಗಬೇಕು. ಒಳಗೆ ಗೀರುಗೀರಾಗಿರುವ ಅಗ್ಗದ ಪೈಪಾದರೆ ನೀರಿಗೆ ಇನ್ನೂ ತಡೆ. ಎಲ್ಲ ಸೇರಿ ಸಿಗುವುದು ಅರ್ಧದ ಆಚೀಚೆ.

ಈಗ ಇನ್ನೊಂದು ಕಡೆಯ ಲೆಕ್ಕ ನೋಡಿ. ನೀರಿನ ಮಟ್ಟಕ್ಕಿಂತ ಒಂದಡಿ ಕೆಳಗೆ ಒಂದು ಇಂಚಿನ ತೂತು ಬಿದ್ದರೆ ನಿಮಿಷಕ್ಕೆ 40 ಲೀಟರಿಗಿಂತ ಜಾಸ್ತಿ ನೀರು ಒಳಗೆ ಬರುತ್ತದೆ. ಗಂಟೆಗೆ ಎರಡೂವರೆ ಟನ್. ಸರಿಯಾಗಿ ಕೂರಿಸಿದ ಪಂಪಿಗೆ ಆ ನೀರಿನ ಜೊತೆ ಹೋರಾಡುತ್ತಾ ನಿಮ್ಮನ್ನು ಅಳಿವೆಯ ಒಳಗೆ ತಂದು ಮುಟ್ಟಿಸುವ ಶಕ್ತಿ ಇರುತ್ತದೆ. ಅದೇ ಪಂಪ್, ಹಸಿರುಗಟ್ಟಿದ ವೈರಿನ ಮೇಲೆ, ಆ ಕೆಲಸ ಮಾಡಲಾರದು. ನಾವು ಪಂಪ್ ಮಾತ್ರ ಹಾಕಿ ಕೊಡಲು ಒಪ್ಪದಿರುವುದಕ್ಕೆ ಇದೇ ದೊಡ್ಡ ಕಾರಣ. ಹೊಸ ಪಂಪ್ ಕಂಡ ಕೂಡಲೇ ಧೈರ್ಯ ಬರುತ್ತದೆ. ಆ ಧೈರ್ಯದ ಮೇಲೆ ನಾಲ್ಕು ಜನ ಕಡಲಿಗೆ ಇಳಿಯುತ್ತಾರೆ. ಸುಮ್ನೆ ಧೈರ್ಯ ಮಾರಲು ನಮಗೆ ಮನಸ್ಸಿಲ್ಲ.

ಕಡಲಿಗೆ ಹೋಗದೆ ಹೊಳೆಯಲ್ಲಿ ಕಟ್ಟಿ ನಿಲ್ಲಿಸಿದ ದೋಣಿಗೂ ಇದು ಬೇಕು. ನಮ್ಮ ಕರಾವಳಿಯಲ್ಲಿ ಜುಲೈ ತಿಂಗಳ ಒಂದೇ ರಾತ್ರಿ 100 ಮಿಲಿಮೀಟರ್ ಮಳೆ ಬೀಳುವುದು ಹೊಸದೇನಲ್ಲ. ದೋಣಿಯ ತೆರೆದ ಬಾಯಿ 12 ಚದರ ಮೀಟರ್ ಇದ್ದರೆ ಅಷ್ಟು ಮಳೆಗೆ 1,200 ಲೀಟರ್ ನೀರು ಒಳಗೆ ಸೇರುತ್ತದೆ. ಅಂದರೆ ಒಂದು ಟನ್ನಿಗಿಂತ ಮೇಲೆ ಭಾರ. ಹಿಂದಿನ ಕಡೆ ಔಟ್‌ಬೋರ್ಡ್ ಎಂಜಿನ್ ತೂಗುವ ದೋಣಿ ಆ ಭಾರಕ್ಕೆ ಹಿಂದಕ್ಕೆ ಕೂತು, ಅಂಚಿನ ಮೇಲಿಂದಲೇ ನೀರು ತೆಗೆದುಕೊಳ್ಳಲು ಶುರು ಮಾಡುತ್ತದೆ. ಆಮೇಲೆ ಹೆಚ್ಚು ಹೊತ್ತು ಬೇಡ.

ಇದಕ್ಕೇ ಫ್ಲೋಟ್ ಸ್ವಿಚ್ ಇರುವುದು. ನೀರು ಏರಿದರೆ ತಾನೇ ಪಂಪ್ ಓಡಿಸುತ್ತದೆ, ಇಳಿದರೆ ನಿಲ್ಲಿಸುತ್ತದೆ. ಆದರೆ ಬಹಳ ದೋಣಿಗಳಲ್ಲಿ ಅದರ ವೈರನ್ನು ಮೈನ್ ಸ್ವಿಚ್ಚಿನ ಆಚೆ ಜೋಡಿಸಿರುತ್ತಾರೆ. ಸಂಜೆ ದೋಣಿ ಕಟ್ಟಿ, ಮೈನ್ ಆಫ್ ಮಾಡಿ ಮನೆಗೆ ಹೋದಿರಿ ಅಂದರೆ ಫ್ಲೋಟ್ ಸ್ವಿಚ್ಚಿಗೂ ಕರೆಂಟ್ ಇಲ್ಲ. ರಾತ್ರಿಯ ಮಳೆಗೆ ಅದು ಇದ್ದೂ ಇಲ್ಲದ ಹಾಗೆ. ಇನ್ನು ಮೇಲೆ ನಾವು ಫ್ಲೋಟ್ ಸ್ವಿಚ್ಚಿನ ವೈರನ್ನು ಮೈನ್ ಸ್ವಿಚ್ಚಿಗೆ ಸೇರಿಸದೆ, ಬೇರೆ ಫ್ಯೂಸ್ ಹಾಕಿ, ನೇರ ಬ್ಯಾಟರಿಯಿಂದ ಕೊಡುತ್ತೇವೆ. ಮೇಲೆ ಮೂರು ಸ್ಥಾನದ ಸ್ವಿಚ್ ಇರುತ್ತದೆ: ಆಟೋ, ಆಫ್, ಕೈಯಿಂದ ಓಡಿಸುವುದು. ಅದರ ಪಕ್ಕದಲ್ಲಿ ಒಂದು ಸಣ್ಣ ಲೈಟು. ಪಂಪಿಗೆ ಕರೆಂಟ್ ಹೋಗುತ್ತಿದ್ದಾಗ ಆ ಲೈಟು ಉರಿಯುತ್ತದೆ. ಬಂದರಿನಲ್ಲಿ ಸುಮ್ಮನೆ ನಿಂತಿರುವಾಗ ಅದು ಮತ್ತೆ ಮತ್ತೆ ಉರಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ ಎಂದು ತಿಳಿಯಿರಿ.

ಬ್ಯಾಟರಿ ಖಾಲಿಯಾಗುತ್ತದೆ ಎಂದು ಕೆಲವರಿಗೆ ಭಯ. ಮೇಲಿನ 1,200 ಲೀಟರ್ ನೀರು ತೆಗೆಯಲು ನಿಮಿಷಕ್ಕೆ 40 ಲೀಟರ್ ಲೆಕ್ಕದಲ್ಲಿ ಅರ್ಧ ಗಂಟೆ ಸಾಕು. 4 ಆಂಪಿಯರ್ ಎಳೆಯುವ ಪಂಪಾದರೆ ಖರ್ಚಾಗುವುದು 2 ಆಂಪಿಯರ್-ಅವರ್ (ಬ್ಯಾಟರಿಯಲ್ಲಿ ತುಂಬಿರುವ ಕರೆಂಟಿನ ಅಳತೆ). ಒಳ್ಳೆಯ ಬ್ಯಾಟರಿಗೆ ಅದು ಲೆಕ್ಕಕ್ಕೇ ಇಲ್ಲ. ಬ್ಯಾಟರಿ ತಿನ್ನುವುದು ಎಣ್ಣೆ, ಕೆಸರು ಹಿಡಿದು ಮೇಲೆಯೇ ಸಿಕ್ಕಿಕೊಂಡ ಫ್ಲೋಟ್. ಹತ್ತು ಗಂಟೆ ಒಣಗಿದ ತಳದಲ್ಲಿ ಪಂಪ್ ಓಡಿದರೆ 40 ಆಂಪಿಯರ್-ಅವರ್‌ವರೆಗೂ ಹೋಗಬಹುದು, ಪಂಪೂ ಸವೆಯುತ್ತದೆ. ಹಾಗಾಗಿ ಹಳೇ ಫ್ಲೋಟ್ ಸಡಿಲವಾಗಿ ಆಡದಿದ್ದರೆ ಅದನ್ನು ಬದಲಿಸದೆ ನಾವು ಬಿಡುವುದಿಲ್ಲ.

ಫ್ಯೂಸ್ ಬಗ್ಗೆ ನಾವು ಸ್ವಲ್ಪ ಹಟವನ್ನೇ ಹಿಡಿಯುತ್ತೇವೆ. ಫ್ಯೂಸ್ ಹೋಯಿತೆಂದು ದೊಡ್ಡದು ಹಾಕುವುದು, ಇಲ್ಲವೇ ತಾಮ್ರದ ಎಳೆ ಸುತ್ತುವುದು ಬೇಡ. ರೆಕ್ಕೆಗೆ ನೂಲು ಸಿಕ್ಕಿ ಪಂಪ್ ತಿರುಗದೆ ನಿಂತರೆ ಅದು ಮಾಮೂಲಿಗಿಂತ ಬಹಳ ಜಾಸ್ತಿ ಕರೆಂಟ್ ಎಳೆಯುತ್ತದೆ. ಸರಿಯಾದ ಫ್ಯೂಸ್ ಆಗ ಹೋಗಬೇಕು. ಅದು ಹೋಗದಿದ್ದರೆ ವೈರು ಬಿಸಿಯಾಗಿ ಬೆಂಕಿ ಹತ್ತಬಹುದು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ದೋಣಿಯ ತಳದಲ್ಲೇ ನಿಲ್ಲುತ್ತದೆ. ಪೆಟ್ರೋಲ್ ಎಂಜಿನ್ ಇರುವವರು ಈ ಮಾತನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಪಂಪ್ ಕಂಪನಿ ಹೇಳಿದ ಅಳತೆಯ ಫ್ಯೂಸನ್ನೇ ಬ್ಯಾಟರಿಯ ಪಕ್ಕದಲ್ಲಿ ಹಾಕುತ್ತೇವೆ, ಅದೇ ಅಳತೆಯ ಎರಡು ಫ್ಯೂಸ್ ಕೈಗೂ ಕೊಡುತ್ತೇವೆ.

ವೈರು ತವರ ಲೇಪಿಸಿದ ತಾಮ್ರದ್ದು. ಜಾಯಿಂಟನ್ನು ಒತ್ತಿ ಕೂರಿಸಿ, ಅದರ ಮೇಲೆ ಒಳಬದಿಗೆ ಅಂಟು ಸವರಿದ, ಬಿಸಿಗೆ ಕುಗ್ಗುವ ಕೊಳವೆ ಹಾಕಿ, ಬಿಸಿ ಮಾಡಿ ಮುಚ್ಚುತ್ತೇವೆ. ನೀರು ಸಾಮಾನ್ಯವಾಗಿ ಮುಟ್ಟದ ಎತ್ತರದಲ್ಲಿ ಅದನ್ನು ಕಟ್ಟುತ್ತೇವೆ. ಪೈಪು ಒಳಗೆ ನುಣುಪಾಗಿರಬೇಕು, ಪಂಪಿನಿಂದ ಮೇಲಕ್ಕೆ ಏರುತ್ತಲೇ ಹೋಗಬೇಕು. ನಡುವೆ ಜೋತು ಬಿದ್ದರೆ ಅಲ್ಲಿ ನೀರು ನಿಂತು, ಗಾಳಿ ಕಟ್ಟಿ, ಪಂಪ್ ನೀರು ಎಳೆಯುವುದಿಲ್ಲ. ನೀರು ಹೊರಗೆ ಬೀಳುವ ಬಾಯಿ ತುಂಬಿದ ದೋಣಿ ಓರೆಯಾದರೂ ನೀರಿನ ಮೇಲೆಯೇ ಇರಬೇಕು. ಇಲ್ಲದಿದ್ದರೆ ಅದೇ ದಾರಿಯಲ್ಲಿ ಕಡಲು ಒಳಗೆ ಬರುತ್ತದೆ. ಮೀನು, ಬಲೆ, ಐಸು ತುಂಬಿದಾಗ ನಿಮ್ಮ ದೋಣಿ ಎಷ್ಟು ಮುಳುಗುತ್ತದೆ ಎಂದು ನಮಗಿಂತ ನಿಮಗೆ ಚೆನ್ನಾಗಿ ಗೊತ್ತು. ಅದಕ್ಕೆ ಈ ಬಾಯಿಯ ಜಾಗ ಗುರುತು ಮಾಡುವಾಗ ತಾಂಡೇಲರು ಜೊತೆಗಿದ್ದರೆ ಒಳ್ಳೆಯದು.

ಡೀಸೆಲ್ ಎಂಜಿನ್ನಿನ ಬೆಲ್ಟಿಗೆ ಪಂಪ್ ಕಟ್ಟಿರುವ ಬೋಟುಗಳಿಗೆ ಈ ಬದಲಾವಣೆ ಇಲ್ಲ. ನೀರಿಲ್ಲದೆ ಓಡಿಸಬೇಡಿ, ಒಳಗಿನ ರಬ್ಬರ್ ಬೇಗ ಸುಡುತ್ತದೆ ಎಂಬುದಷ್ಟೇ ಅವರಿಗೆ ನೆನಪಿಸುತ್ತೇವೆ.

ದುಡ್ಡಿನ ವಿಷಯ. ಪಂಪ್ ಕೂರಿಸುವ ಕೂಲಿ ಮೊದಲಿನಷ್ಟೇ. ವೈರು, ಫ್ಲೋಟ್, ಪೈಪು ಹೊಸದು ಬೇಕಾದರೆ ಮಾತ್ರ ಅದರ ಬಿಲ್ ಬರುತ್ತದೆ. ಚೆನ್ನಾಗಿರುವುದನ್ನು ಹಾಗೇ ಉಳಿಸುತ್ತೇವೆ, ಬಿಚ್ಚಿದ ಹಳೇ ಸಾಮಾನನ್ನು ನಿಮ್ಮ ಕೈಗೇ ಕೊಡುತ್ತೇವೆ. ನಿಮ್ಮ ಪಂಪ್ ಬ್ಯಾಟರಿಗೆ ಹಿಡಿದಾಗ ಸರಿಯಾಗಿ ತಿರುಗಿದರೆ ನಾವು ಹೊಸದು ಮಾರುವುದಿಲ್ಲ, ಅದನ್ನೇ ತೊಳೆದು ಮತ್ತೆ ಕೂರಿಸುತ್ತೇವೆ. ಹಾಗೆ ಆದಾಗ ಒಟ್ಟು ಖರ್ಚು ಹೊಸ ಪಂಪಿಗಿಂತ ಕಡಿಮೆಯೇ ಬರಬಹುದು. ನಾವು ಹಾಕಿದ ಜಾಯಿಂಟ್ ಒಂದು ಮಳೆಗಾಲದ ಒಳಗೆ ಬಿಟ್ಟರೆ ದುಡ್ಡಿಲ್ಲದೆ ಸರಿಮಾಡಿಕೊಡುತ್ತೇವೆ. ಒಮ್ಮೆಗೇ ಕೊಡಲು ಕಷ್ಟ ಇರುವವರು ಆಗಸ್ಟಿನಲ್ಲಿ ಮೀನುಗಾರಿಕೆ ಶುರುವಾದ ಮೇಲೆ ಕಂತಿನಲ್ಲಿ ಕೊಡಬಹುದು. ಕೇಳಲು ಸಂಕೋಚ ಬೇಡ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆ ನಿಷೇಧ ಇರುವುದರಿಂದ ಅವರ ಕೆಲಸಕ್ಕೆ ಸಮಯ ಧಾರಾಳವಾಗಿದೆ. ಆದರೆ 10 ಅಶ್ವಶಕ್ತಿಯೊಳಗಿನ ಎಂಜಿನ್ ಹಾಕಿದ ನಾಡದೋಣಿಯವರಿಗೆ ದುಡಿಮೆಯ ಕಾಲವೇ ಅದು. ಕಡಲು ಸ್ವಲ್ಪ ಶಾಂತವಾದರೆ ಅವರು ಹೊರಡಲೇಬೇಕು. ಹಾಗಾಗಿ ಆ ಎರಡು ತಿಂಗಳು ನಾಡದೋಣಿಗೆ ಮೊದಲ ಸರದಿ. ನಡುವೆ ದಿಢೀರನೆ ಪಂಪ್ ಕೆಟ್ಟು, ಒಂದು ದಿನ ಕಾಯಲೂ ಆಗದಿದ್ದರೆ ಎರವಲಿಗೆ ಒಂದು ಪಂಪ್ ಇಟ್ಟಿದ್ದೇವೆ. ಅದರದ್ದೇ ವೈರು, ಫ್ಯೂಸ್, ಪೈಪು ಎಲ್ಲ ಸೇರಿದ ಸೆಟ್ ಅದು. ಬ್ಯಾಟರಿಗೆ ಕಚ್ಚಿಸಿದರೆ ಕೆಲಸ ಮಾಡುತ್ತದೆ. ಬಾಡಿಗೆ ಇಲ್ಲ, ವಾಪಸ್ ತಂದುಕೊಟ್ಟರೆ ಸಾಕು. ಅದು ಇದ್ದರೂ ಬಾಲ್ದಿ ಮಾತ್ರ ದೋಣಿಯಿಂದ ಇಳಿಸಬೇಡಿ.

ನೀವೇ ಮಾಡಬಹುದಾದ ಒಂದು ಪರೀಕ್ಷೆ ಇದೆ, ವಾರಕ್ಕೊಮ್ಮೆ ಮಾಡಿ. ಪಂಪಿನ ಕೆಳಗಿನ ಜಾಲರಿ ಬಿಚ್ಚಿ ಮೀನಿನ ಪೊರೆ, ನೂಲು, ಪ್ಲಾಸ್ಟಿಕ್ ತೆಗೆಯಿರಿ. ಫ್ಲೋಟನ್ನು ಕೈಯಿಂದ ಎತ್ತಿ ಪಂಪ್ ಶುರುವಾಗುತ್ತದಾ ನೋಡಿ. ಆಮೇಲೆ ತಳಕ್ಕೆ ನೀರು ಹಾಕಿ, ಹೊರಬಾಯಿಗೆ 20 ಲೀಟರಿನ ಕ್ಯಾನ್ ಹಿಡಿಯಿರಿ. ಅದು ಅರ್ಧ ನಿಮಿಷದಲ್ಲಿ ತುಂಬಿದರೆ ನಿಮಿಷಕ್ಕೆ 40 ಲೀಟರ್ ಹೋಗುತ್ತಿದೆ ಎಂದರ್ಥ. ಒಂದು ನಿಮಿಷ ಹಿಡಿದರೆ ಅರ್ಧಕ್ಕೆ ಇಳಿದಿದೆ. ಕೆಲಸ ಮುಗಿದ ದಿನ ನಿಮ್ಮ ಎದುರೇ ಈ ಪರೀಕ್ಷೆ ಮಾಡಿ, ಎಷ್ಟು ಸೆಕೆಂಡ್ ಹಿಡಿಯಿತು ಎಂದು ಬ್ಯಾಟರಿ ಪೆಟ್ಟಿಗೆಯ ಮುಚ್ಚಳದ ಒಳಗೆ ಬರೆದು ಕೊಡುತ್ತೇವೆ. ಮುಂದೆ ಆ ಅಂಕಿ ಏರುತ್ತಾ ಹೋದರೆ ನಮ್ಮ ಹತ್ತಿರ ಬನ್ನಿ.

ದೋಣಿ ತರುವ ಮೊದಲು ಎರಡು ಕೆಲಸ ಮಾಡಿ. ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ ತನ್ನಿ, ಇಲ್ಲದಿದ್ದರೆ ಅಳತೆ ಸರಿ ಬರುವುದಿಲ್ಲ. ತಳದಲ್ಲಿ ಎಂಜಿನ್ ಆಯಿಲ್, ಡೀಸೆಲ್ ಇದ್ದರೆ ಹೊಳೆಗೆ ಬಿಡದೆ ಹಳೇ ಬಟ್ಟೆಯಲ್ಲಿ ಹೀರಿಸಿ, ಡಬ್ಬದಲ್ಲಿ ತುಂಬಿ ತನ್ನಿ. ಅದನ್ನು ಇಟ್ಟುಕೊಳ್ಳಲು ನಮ್ಮಲ್ಲಿ ಡ್ರಮ್ ಇದೆ. ಮೇ ಕೊನೆಯವರೆಗೆ ಸರದಿ ಬರೆಸಬಹುದು. ವರ್ಕ್‌ಶಾಪ್ ಬೆಳಿಗ್ಗೆ 8ರಿಂದ ಸಂಜೆ 6ರವರೆಗೆ ತೆರೆದಿರುತ್ತದೆ.

ಇಂತಿ,
ನಿಮ್ಮ ದೋಣಿ ರಿಪೇರಿ ವರ್ಕ್‌ಶಾಪಿನವರು