ರಕ್ತಕ್ಕಿಂತ ಬೆಣ್ಣೆ ಜಾಸ್ತಿ

ಸಂಪಾದಕರಿಗೆ ನಮಸ್ಕಾರ.

ಪತ್ತೇದಾರಿ ಕಾದಂಬರಿ ಓದಿ ಜನರ ಮನಸ್ಸು ಕೆಡುತ್ತಿದೆ, ಎಲ್ಲದರಲ್ಲೂ ಬರೀ ರಕ್ತ, ಕ್ರೌರ್ಯ ಎಂದು ಓದುಗರೊಬ್ಬರು ಈಚೆಗೆ ಇದೇ ಅಂಕಣದಲ್ಲಿ ಬರೆದಿದ್ದರು. ಎಲ್ಲದರಲ್ಲೂ ಅಲ್ಲ ಸ್ವಾಮಿ. ನಾನು ಓದುತ್ತಿರುವ ಸರಣಿಯಲ್ಲಿ ಕೊಲೆ ಆಗುವುದು ನಿಜ. ಆದರೆ ಅಲ್ಲಿ ರಕ್ತಕ್ಕಿಂತ ಬೆಣ್ಣೆಯೇ ಜಾಸ್ತಿ ಖರ್ಚಾಗುತ್ತದೆ.

ಅಮೆರಿಕದ ಬೈಲಿ ಕೇಟ್ಸ್ ಬರೆದ 'ಮ್ಯಾಜಿಕಲ್ ಬೇಕರಿ ಮಿಸ್ಟರಿ' ಸರಣಿ ಅದು. ಮೊದಲ ಪುಸ್ತಕ 'ಬ್ರೌನೀಸ್ ಅಂಡ್ ಬ್ರೂಮ್‌ಸ್ಟಿಕ್ಸ್' 2012ರಲ್ಲಿ ಬಂತು. ಕಥೆ ನಡೆಯುವುದು ಜಾರ್ಜಿಯಾ ರಾಜ್ಯದ ಸವಾನಾದಲ್ಲಿ. 1733ರಲ್ಲಿ ಕಟ್ಟಿದ ಊರು. ಹಳೇ ಪೇಟೆಯಲ್ಲಿ ಇವತ್ತಿಗೂ 22 ಚೌಕಗಳಿವೆ, ಓಕ್ ಮರಗಳಿಂದ ಸ್ಪ್ಯಾನಿಷ್ ಮಾಸ್ ಎಂಬ ಬೂದು ಬಣ್ಣದ ಗಿಡ ಜೋತುಬಿದ್ದಿರುತ್ತದೆ. ದೆವ್ವದ ಕಥೆಗಳಿಗೂ ಹೆಸರಾದ ಊರು. ಮಾಟ ಬಲ್ಲವರು ಬೇಕರಿ ಇಡಲು ಇನ್ನೆಂಥ ಜಾಗ ಬೇಕು?

ಕೇಟಿ ಎಂಬ ಹುಡುಗಿ ನಿಶ್ಚಯವಾಗಿದ್ದ ಮದುವೆ ಮುರಿದುಬಿದ್ದ ಮೇಲೆ ಓಹಿಯೋದಿಂದ ಇಲ್ಲಿಗೆ ಬರುತ್ತಾಳೆ. ಚಿಕ್ಕಮ್ಮ ಲೂಸಿ, ಚಿಕ್ಕಪ್ಪ ಬೆನ್ ಜೊತೆ ಹನಿಬೀ ಎಂಬ ಬೇಕರಿ ಶುರು ಮಾಡುವ ಕೆಲಸ. ಅಷ್ಟರಲ್ಲೇ ಜಗಳಗಂಟಿ ಶ್ರೀಮಂತ ಹೆಂಗಸೊಬ್ಬಳ ಕೊಲೆ. ಪೊಲೀಸರ ಅನುಮಾನ ಬೆನ್ ಮೇಲೆ. ಇತ್ತ ಚಿಕ್ಕಮ್ಮನ ಗೆಳತಿಯರ 'ಪುಸ್ತಕ ಕೂಟ' ನಿಜವಾಗಿ ಮಾಟಗಾತಿಯರ ಕೂಟ ಎಂದು ಕೇಟಿಗೆ ಗೊತ್ತಾಗುತ್ತದೆ. ತನ್ನ ಕೈಯಲ್ಲೂ ಆ ವಿದ್ಯೆ ಇದೆ ಎಂಬುದೂ. ಮುಂದಿನದು ನೀವೇ ಓದಿಕೊಳ್ಳಿ.

ಈ ಮಾಟದಲ್ಲಿ ನಿಂಬೆಹಣ್ಣು, ಗೊಂಬೆಗೆ ಸೂಜಿ ಚುಚ್ಚುವುದು ಅಂಥದ್ದಿಲ್ಲ. ಹಿಟ್ಟಿಗೆ ಯಾವುದೋ ಸೊಪ್ಪು, ಮಸಾಲೆ ಹಾಕಿ, ತಿನ್ನುವವರಿಗೆ ಒಳ್ಳೆಯದಾಗಲಿ ಎಂದು ಬಾಯಲ್ಲಿ ನಾಲ್ಕು ಮಾತು. ಅಷ್ಟೇ. ನಾನು ವರ್ಷಗಟ್ಟಲೆ ಖಾರಾ ಬನ್ನಿಗೆ ಸಬ್ಬಸಿಗೆ, ಕರಿಬೇವು, ಹಸಿಮೆಣಸಿನಕಾಯಿ ಹಾಕಿದ್ದೇನೆ. ಒಬ್ಬರೂ ನನ್ನನ್ನು ಮಂತ್ರವಾದಿ ಅನ್ನಲಿಲ್ಲ, ಬಿಡಿ.

ನನಗೆ ಹೆಚ್ಚು ಹಿಡಿಸಿದ್ದು ಬೇರೆ. ಪತ್ತೇದಾರಿ ಕೆಲಸಕ್ಕೆ ಬೇಕರಿ ಕೌಂಟರಿನಷ್ಟು ಅನುಕೂಲದ ಜಾಗ ಇಲ್ಲ. ಇದು ಕುಂಟು ನೆಪ ಅಂತ ಓದುಗರಿಗೆ ಅನ್ನಿಸಬಹುದು, ಆ ಕೌಂಟರಿನ ಹಿಂದೆ ನಿಂತವನಿಗೆ ಅನ್ನಿಸುವುದಿಲ್ಲ. ಬ್ರೆಡ್ ಇನ್ನೂ ಭಟ್ಟಿಯಿಂದ ಇಳಿದಿಲ್ಲ ಎಂದರೆ ಗಿರಾಕಿ ನಿಂತುಕೊಳ್ಳುತ್ತಾರೆ, ನಿಂತವರು ಸುಮ್ನೆ ಇರುತ್ತಾರಾ? ಯಾರ ಮನೆ ಮಾರಾಟಕ್ಕಿದೆ, ಯಾರ ಮಗ ಕೆಲಸ ಬಿಟ್ಟ, ಎಲ್ಲಾ ಬರುತ್ತದೆ. ನಿಶ್ಚಿತಾರ್ಥದ ಕೇಕಿಗೆ ಅಡ್ವಾನ್ಸ್ ಕೊಟ್ಟವರು ಹಿಂದಿನ ಸಂಜೆ ಫೋನ್ ಮಾಡಿ 'ಬೇಡ ಬಿಡಿ' ಎಂದರೆ, ನೆಂಟರಿಗಿಂತ ಮೊದಲು ಸುದ್ದಿ ಗೊತ್ತಾಗುವುದು ನಮಗೆ. ದಿನಾ ಎರಡು ಬನ್ ಕೊಳ್ಳುವವರು ಒಂದಕ್ಕೆ ಇಳಿದರೂ ಗೊತ್ತಾಗುತ್ತದೆ. ಕೇಳುವ ಹಾಗಿಲ್ಲ ಅಷ್ಟೇ. ಕೇಟಿ ಕೇಳಿಬಿಡುತ್ತಾಳೆ.

ತಕರಾರುಗಳೂ ಇವೆ. ಕೇಟಿಯ ನಾಯಿ ಮಂಗೋ ಚೀಲದೊಳಗೆ ಕೂತು ದಿನಾ ಬೇಕರಿಗೆ ಬರುತ್ತದೆ. ಮುದ್ದಾದ ನಾಯಿಯೇ, ಆದರೆ ನನ್ನ ಬೇಕರಿಯಲ್ಲಾಗಿದ್ದರೆ ಹೊಸ್ತಿಲ ಆಚೆಗೇ ಊಟ ಹಾಕಿಸುತ್ತಿದ್ದೆ. ಪುಸ್ತಕದ ಕೊನೆಗೆ ಮಾಡುವ ವಿಧಾನ ಕೊಡುತ್ತಾರೆ, ಸಂತೋಷ, ಆದರೆ ಎಲ್ಲಾ ಕಪ್ಪಿನ ಅಳತೆ. ಮೈದಾವನ್ನು ಕಪ್ಪಿಗೆ ಚಮಚದಲ್ಲಿ ಉದುರಿಸಿದರೆ ಸುಮಾರು 120 ಗ್ರಾಂ, ಅದುಮಿ ತುಂಬಿದರೆ 150. ಕೇಕ್ ಗಟ್ಟಿಯಾದರೆ ಮಾಟ ಕೈಕೊಟ್ಟಿತು ಅನ್ನಬೇಡಿ, ತಕ್ಕಡಿ ತನ್ನಿ. ಇಂಥ ಪುಸ್ತಕಗಳಲ್ಲಿ ಶಾಖ 350 ಡಿಗ್ರಿ ಎಂದಿದ್ದರೆ ಅದು ಫ್ಯಾರನ್‌ಹೀಟ್, ನಮ್ಮ ಓವನ್ನಿನಲ್ಲಿ 175ರ ಹತ್ತಿರ.

ಇನ್ನು ಪತ್ತೇದಾರಿಕೆ ಅಂಥ ಬಿಗಿಯಿಲ್ಲ. ಚಿಕ್ಕಂದಿನಲ್ಲಿ ಅಪ್ಪನ ಕಣ್ಣು ತಪ್ಪಿಸಿ ಎನ್. ನರಸಿಂಹಯ್ಯನವರ ಪುರುಷೋತ್ತಮನ ಸಾಹಸ ಓದಿದವನಿಗೆ ಇಲ್ಲಿ ಕೊಲೆಗಾರ ಬೇಗ ಸಿಕ್ಕಿಬೀಳುತ್ತಾನೆ. ಹಾಗಂತ ಬೇಸರವಿಲ್ಲ. ರಾತ್ರಿ ಮಲಗುವಾಗ ಟಿ.ವಿ.ಯ ಕ್ರೈಂ ಸುದ್ದಿಗಿಂತ ಇದು ಎಷ್ಟೋ ವಾಸಿ. ಹೆಣದ ವರ್ಣನೆ ಇಲ್ಲ, ಹಿನ್ನೆಲೆಯಲ್ಲಿ ಕಿರುಚುವ ಸಂಗೀತ ಇಲ್ಲ, ಏನೇ ಆದರೂ ಮಾರನೇ ಬೆಳಿಗ್ಗೆ ಬೇಕರಿ ಬಾಗಿಲು ತೆಗೆಯುತ್ತದೆ.

ನಿಮ್ಮ ಭಾನುವಾರದ ಪುಸ್ತಕ ಪುಟದಲ್ಲಿ ಇಂಥವಕ್ಕೂ ಒಂದು ಮೂಲೆ ಕೊಡಿ ಎಂದು ಕೋರಿಕೆ. ನನಗೆ ಸದ್ಯ ಸರಣಿಯ ಐದನೆಯದು, 'ಮ್ಯಾಜಿಕ್ ಅಂಡ್ ಮ್ಯಾಕರೂನ್ಸ್' ನಡೆಯುತ್ತಿದೆ. ಅರ್ಧಕ್ಕೆ ಬಂದಿದ್ದೇನೆ. ಮೊದಲೇ ಓದಿದವರು ಯಾರಾದರೂ ಇದ್ದರೆ ದಯವಿಟ್ಟು ಈ ಅಂಕಣದಲ್ಲಿ ಕೊಲೆಗಾರನ ಹೆಸರು ಬರೆಯಬೇಡಿ.

– ನಿವೃತ್ತ ಬೇಕರಿ ಮಾಲೀಕ, ತುಮಕೂರು