ಗೋಧಿ ಬಿಟ್ಟವಳು ಬೇಕರಿಗೆ ಹೋಗುವಾಗ

ಉಡುಪಿ

ಪ್ರೀತಿಯ ಮಗಾ,

ಡಾಕ್ಟರು ಸೀಲಿಯಾಕ್ ಅಂದರು ಅಂತ ನಿನ್ನಮ್ಮ ಹೇಳಿದಳು. ಗೋಧಿ, ಬಾರ್ಲಿಯಲ್ಲಿರುವ ಗ್ಲುಟೆನ್ ಅನ್ನುವ ಪ್ರೋಟೀನು ಕರುಳಿಗೆ ಆಗದ ಕಾಯಿಲೆಯಲ್ಲವಾ ಅದು. ಗೆಳತಿಯರ ಜೊತೆ ಹೊರಗೆ ಹೋದರೆ ಇನ್ನು ನೀರು ಕುಡಿದು ವಾಪಸ್ ಬರುವುದಷ್ಟೇ ಅಂತ ಬೇಜಾರು ಮಾಡಿಕೊಂಡಿದ್ದೀಯಂತೆ. ಹಾಗೇನಿಲ್ಲ. ನಮ್ಮದು ಅಕ್ಕಿಯ ಊರು, ಮಂಗಳೂರಲ್ಲಿ ನಿನಗೆ ತಿನ್ನಲಿಕ್ಕೆ ಬೇಕಾದಷ್ಟು ಉಂಟು. ಆದರೆ ತಿಂಡಿಯ ಹೆಸರು ಕೇಳಿ ನಂಬಬೇಡ. ಅದು ಯಾವ ಎಣ್ಣೆಯಲ್ಲಿ ಬೆಂದಿತು, ಯಾವ ಕಾವಲಿಯಲ್ಲಿ ಹೊಯ್ದದ್ದು, ಯಾವ ಟ್ರೇಯಲ್ಲಿ ಕೂತಿತ್ತು ಅಂತ ಕೇಳು.

ಹೋಟೆಲಿನಲ್ಲಿ "ಗ್ಲುಟೆನ್ ಉಂಟಾ" ಅಂತ ಕೇಳಿದರೆ ಸಪ್ಲೈಯರ್ "ಇಲ್ಲ" ಅಂದುಬಿಡುತ್ತಾನೆ. ಅವನದ್ದು ತಪ್ಪಲ್ಲ, ಆ ಹೆಸರಿನ ವಸ್ತು ಅವನ ಅಡುಗೆಮನೆಯಲ್ಲಿ ಇಲ್ಲವೇ ಇಲ್ಲ. ಈ ಕಾಯಿಲೆ ಗೋಧಿ ಹೆಚ್ಚು ತಿನ್ನುವ ಉತ್ತರದ ಕಡೆ ಜಾಸ್ತಿ, ನಮ್ಮಲ್ಲಿ ಕೇಳಿದವರು ಕಡಿಮೆ. ಹಾಗಾಗಿ "ಗೋಧಿ, ಮೈದಾ, ರವೆ, ಚಿರೋಟಿ ರವೆ ಯಾವುದೂ ನನಗೆ ಆಗುವುದಿಲ್ಲ, ಸ್ವಲ್ಪ ತಾಗಿದರೂ ಆಗುವುದಿಲ್ಲ" ಅನ್ನು. ತುಳುವಿನವರಾದರೆ "ಎಂಕ್ ಗೋದಿ, ಮೈದ, ರವೆ ಆಪುಜಿ" ಅನ್ನು. ಮೈದಾ, ರವೆ ಎರಡೂ ಗೋಧಿಯದ್ದೇ ಅನ್ನುವುದು ಎಷ್ಟೋ ಜನಕ್ಕೆ ಹೊಳೆಯುವುದಿಲ್ಲ, ಅದಕ್ಕೆ ಒಂದೊಂದನ್ನೂ ಬಾಯಿಬಿಟ್ಟು ಹೇಳಬೇಕು.

ಹಬೆಯಲ್ಲಿ ಬೇಯಿಸಿದ ತಿಂಡಿ ನಿನಗೆ ಎಲ್ಲಕ್ಕಿಂತ ಕ್ಷೇಮ. ಇಡ್ಲಿ, ಪುಂಡಿ, ಅಕ್ಕಿಯ ಒತ್ತು ಶ್ಯಾವಿಗೆ, ಕೊಟ್ಟೆ ಕಡುಬು. ಅದರಲ್ಲೂ ಕೇದಗೆ ಎಲೆಯ ಸುರುಳಿಯಲ್ಲಿ ಇಡ್ಲಿ ಹಿಟ್ಟು ಹೊಯ್ದು ಬೇಯಿಸುವ ಮೂಡೆಗೆ ನನ್ನ ಮೊದಲ ಮತ. ಎಲೆಯೊಳಗೇ ಬೆಂದು, ಎಲೆಯೊಳಗೇ ತಟ್ಟೆಗೆ ಬರುತ್ತದೆ, ಬಿಡಿಸುವವಳು ನೀನೇ, ನಡುವೆ ಇನ್ನೊಂದು ಹಿಟ್ಟಿನ ಕೈ ತಾಗುವುದಿಲ್ಲ. ರವೆ ಇಡ್ಲಿ ಮಾತ್ರ ಬೇಡ. ನೀರುದೋಸೆ ಬರೀ ಅಕ್ಕಿ, ತೆಂಗಿನಕಾಯಿ, ಉಪ್ಪು, ನೀರು. ಆದರೆ ಅದೇ ಕಾವಲಿಯಲ್ಲಿ ಸ್ವಲ್ಪ ಮೊದಲು ರವೆದೋಸೆ ಹೊಯ್ದಿದ್ದರೆ ಅದರ ರವೆ, ಮೈದಾ ಎರಡೂ ಕಾವಲಿಗೆ ಅಂಟಿರುತ್ತದೆ, ಸಟ್ಟುಗದಲ್ಲೂ ಇರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುವುದಿಲ್ಲ. ನೀರುದೋಸೆಗೇ ಬೇರೆ ಕಾವಲಿ ಇಟ್ಟಿರುವ ಹೋಟೆಲು ಹುಡುಕಿಕೊ.

ಸಂಜೆಯ ಬಾಣಲೆಯ ಹತ್ತಿರ ಹೋಗಲೇಬೇಡ. ಗೋಳಿಬಜೆ, ಬನ್ಸ್ ಎರಡೂ ಮೈದಾ. ಉದ್ದಿನ ಅಂಬಡೆಯಲ್ಲಿ ಮೈದಾ ಇಲ್ಲದಿದ್ದರೂ ಗೋಳಿಬಜೆ ಕರಿದ ಎಣ್ಣೆಯಲ್ಲೇ ಅದನ್ನೂ ಬಿಡುತ್ತಾರೆ. ಬಾಣಲೆಯ ತಳದಲ್ಲಿ ಕಪ್ಪಾಗಿ ಸುತ್ತುವ ಪುಡಿ ನೋಡಿದ್ದೀಯಲ್ಲ, ಅದು ಮೈದಾವೇ. ಎಣ್ಣೆ ಎಷ್ಟು ಕಾದರೂ ಗ್ಲುಟೆನ್ ಸಾಯುವುದಿಲ್ಲ, ಅದು ಕ್ರಿಮಿಯಲ್ಲ, ಧಾನ್ಯದ ಪ್ರೋಟೀನು. ಸಜ್ಜಿಗೆ ಬಜಿಲ್ ಕೇಳಿದರೆ ಸಜ್ಜಿಗೆ ಅಂದರೆ ರವೆ, ಬಜಿಲ್ ಅಂದರೆ ಅವಲಕ್ಕಿ. ಒಟ್ಟಿಗೆ ಕಲಸಿ ಕೊಡುತ್ತಾರೆ, ಅವಲಕ್ಕಿಗೂ ಅದೇ ಚಮಚ.

ಇನ್ನು ಇಂಗು. ಈರುಳ್ಳಿ, ಬೆಳ್ಳುಳ್ಳಿ ಹಾಕದ ಉಡುಪಿ ಅಡುಗೆಗೆ ಇಂಗೇ ಜೀವ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಇಂಗು ಶುದ್ಧ ಇಂಗಲ್ಲ, ಅಂಟು ಮತ್ತು ಹಿಟ್ಟು ಸೇರಿಸಿ ಮಾಡಿದ್ದು, ಆ ಹಿಟ್ಟು ಎಷ್ಟೋ ಸಲ ಗೋಧಿಯದ್ದು ಅಥವಾ ಮೈದಾ. ಸಾಂಬಾರು, ಸಾರು, ಉಪ್ಪಿನಕಾಯಿ ಮೂರರಲ್ಲೂ ಅದು ಕಣ್ಣಿಗೆ ಕಾಣದೆ ಕೂತಿರುತ್ತದೆ. ಹೊರಗೆ ತಿನ್ನುವಾಗ ನೀರುದೋಸೆಗೆ ಕಾಯಿಬೆಲ್ಲ ಹಾಕಿಸಿಕೊ, ಇಡ್ಲಿಗೆ ಒಗ್ಗರಣೆ ಹಾಕದ ಚಟ್ನಿ. ಹಾಸ್ಟೆಲಿನ ಮೆಸ್ಸಿಗೆ ಅಕ್ಕಿಹಿಟ್ಟಿನಲ್ಲಿ ಮಾಡಿದ ಇಂಗಿನ ಡಬ್ಬಿ ನೀನೇ ತೆಗೆದುಕೊಡು. ಹಾರ್ಲಿಕ್ಸ್, ಬೂಸ್ಟ್ ಥರದ್ದರಲ್ಲಿ ಬಾರ್ಲಿ ಮಾಲ್ಟ್ ಇರುತ್ತದೆ, ಅದೂ ಬೇಡ. ಸೋಯಾ ಸಾಸೂ ಬೇಡ, ಅದನ್ನು ಹೆಚ್ಚಾಗಿ ಗೋಧಿ ಸೇರಿಸಿಯೇ ಮಾಡುವುದು.

ಬೇಕರಿಯ ವಿಷಯ ಸ್ವಲ್ಪ ಉದ್ದ ಬರೆಯುತ್ತೇನೆ, ನಿನಗೆ ಅದರ ಮೇಲೇ ಆಸೆ ಅಂತ ಗೊತ್ತು. ಬೋರ್ಡಿನಲ್ಲಿ ಬರೆದದ್ದು ಯಾವುದೂ ನಿನ್ನ ಕೆಲಸಕ್ಕೆ ಬಾರದು. ಎಗ್‌ಲೆಸ್ ಅಂದರೆ ಮೊಟ್ಟೆ ಇಲ್ಲ, ಅಷ್ಟೇ. "ಮೈದಾ ಇಲ್ಲ" ಅಂದರೆ ಗೋಧಿಹಿಟ್ಟು ಉಂಟು ಅಂತ. ರಾಗಿ ಬಿಸ್ಕತ್ತು ಎಲ್ಲಕ್ಕಿಂತ ದೊಡ್ಡ ಮೋಸದ ಜಾಗ. ರಾಗಿ ಒಂದೇ ಆದರೆ ಬಿಸ್ಕತ್ತು ಪುಡಿಪುಡಿಯಾಗುತ್ತದೆ, ಅದಕ್ಕೆ ಮೈದಾ ಅಥವಾ ಗೋಧಿಹಿಟ್ಟು ಸೇರಿಸಿರುತ್ತಾರೆ, ಬಣ್ಣ ನೋಡಿ ಗೊತ್ತಾಗುವುದಿಲ್ಲ. ಗೋಡಂಬಿ, ಮೊಟ್ಟೆಯ ಬಿಳಿ, ಸಕ್ಕರೆಯ ಮ್ಯಾಕರೂನಿಗೆ ಹಿಟ್ಟೇ ಬೇಡ. ಆದರೆ ಗಾಜಿನ ಕಪಾಟಿನಲ್ಲಿ ಅದರ ಮೇಲಿನ ಹಲಗೆಯಲ್ಲಿ ಪಫ್ಸ್ ಇದ್ದರೆ ಅದರ ಪದರ ಉದುರಿ ಇದರ ಮೇಲೆ ಬೀಳುತ್ತದೆ, ತೆಗೆಯುವ ಇಕ್ಕಳವೂ ಒಂದೇ. ಕೇಕಿನ ಅಚ್ಚಿಗೆ ತುಪ್ಪವೋ ಬೆಣ್ಣೆಯೋ ಸವರಿ, ಮೇಲೆ ಒಂದು ಹಿಡಿ ಮೈದಾ ಉದುರಿಸಿ, ಅಚ್ಚನ್ನು ಅಂಗೈಗೆ ತಟ್ಟಿ ಉಳಿದದ್ದು ಕೊಡವುವುದು ಬೇಕರಿಯವರ ಕೈಗೆ ಕೂತ ಅಭ್ಯಾಸ. ಮೈದಾ ಇಲ್ಲದ ಕೇಕೂ ಅಲ್ಲಿಯೇ ಕೆಡುವುದು.

ಹಾಗಾಗಿ ಬಿಡಿಯಾಗಿ ಕೊಳ್ಳಬೇಡ, ಸಣ್ಣ ಬೇಕರಿಯೊಂದನ್ನು ಹಿಡಿದು ಆರ್ಡರ್ ಕೊಟ್ಟು ಮಾಡಿಸು. ರಜೆಯ ಮರುದಿನ ಬೆಳಿಗ್ಗೆ ಮೊದಲ ಘಾಣ ನಿನ್ನದಾಗಿರಲಿ, ಮೈದಾ ಮೂಟೆ ಬಿಚ್ಚುವ ಮೊದಲು. ಗಾಳಿಯಲ್ಲಿ ಹಾರಿದ ಮೈದಾ ಕೆಳಗೆ ಕೂರಲು ಗಂಟೆಗಟ್ಟಲೆ ಬೇಕು. ಅಚ್ಚು ನೀನೇ ಕೊಡು, ಒಳಗೆ ಬಟರ್ ಪೇಪರ್ ಹಾಸಲಿ. ಹಿಟ್ಟೂ ನಿನ್ನದೇ. ಗಿರಣಿಯದ್ದು ಆಗದು, ಗೋಧಿ ಬೀಸಿದ ಕಲ್ಲಿನಲ್ಲೇ ಅಕ್ಕಿಯನ್ನೂ ಬೀಸುತ್ತಾರೆ. ಬೆಳ್ತಿಗೆ ಅಕ್ಕಿ ತೊಳೆದು ಎರಡು ಗಂಟೆ ನೆನೆಸಿ, ಬಟ್ಟೆಯ ಮೇಲೆ ನೆರಳಲ್ಲಿ ಪೂರ್ತಿ ಒಣಗಿಸಿ, ಮಿಕ್ಸಿಯಲ್ಲಿ ಪುಡಿಮಾಡಿ, ಎರಡು ಸಲ ಜರಡಿ ಹಿಡಿ. ಜರಡಿಯೂ ಹೊಸದಿರಲಿ.

ಅಳತೆ ಇದು: ಅಕ್ಕಿಹಿಟ್ಟು 150 ಗ್ರಾಂ, ಕಾರ್ನ್‌ಫ್ಲೋರ್ 50 ಗ್ರಾಂ, ಬೆಣ್ಣೆ 150, ಸಕ್ಕರೆ 150, ಮೊಟ್ಟೆ ಮೂರು, ಬೇಕಿಂಗ್ ಪೌಡರ್ ಒಂದೂವರೆ ಟೀ ಚಮಚ, ಹಾಲು ಕಾಲು ಲೋಟ. ಬೆಣ್ಣೆ ಸಕ್ಕರೆ ಬಿಳಿಚುವ ತನಕ ತಿರುವಿ, ಮೊಟ್ಟೆ ಒಂದೊಂದೇ ಸೇರಿಸಬೇಕು. ಮೊಟ್ಟೆ ಕಡಿಮೆ ಮಾಡಲು ಬಿಡಬೇಡ, ಗ್ಲುಟೆನ್ ಇಲ್ಲದ ಕೇಕನ್ನು ಹಿಡಿದು ನಿಲ್ಲಿಸುವುದು ಅದೇ. ಕಲಸಿದ ಮೇಲೆ 20 ನಿಮಿಷ ಹಾಗೇ ಇಡಬೇಕು. ಅವಸರದಲ್ಲಿ ಒಲೆಗೆ ಹೋದರೆ ಅಕ್ಕಿ ನೀರು ಹೀರಿರುವುದಿಲ್ಲ, ತಿನ್ನುವಾಗ ಹಲ್ಲಿಗೆ ಮರಳು ಸಿಕ್ಕಿದ ಹಾಗೆ ಆಗುತ್ತದೆ. 170 ಡಿಗ್ರಿಯಲ್ಲಿ 40 ನಿಮಿಷದ ಹೊತ್ತಿಗೆ ಕಡ್ಡಿ ಚುಚ್ಚಿ ನೋಡಲಿ. ಬಿಸಿ ಇರುವಾಗ ಕೊಯ್ದರೆ ಉದುರುತ್ತದೆ. ಇಡೀ ಕೇಕು ಮನೆಗೆ ತಂದು ನಿನ್ನ ಚೂರಿಯಲ್ಲೇ ಕೊಯ್ಯಿ.

ಪ್ಯಾಕೆಟ್ ಕೊಳ್ಳುವಾಗ ನಮ್ಮ ಕಾನೂನಿನ ಪ್ರಕಾರ ಗ್ಲುಟೆನ್ ಫ್ರೀ ಅಂತ ಹಾಕಬೇಕಾದರೆ ಕಿಲೋಗೆ 20 ಮಿಲಿಗ್ರಾಂ ಮೀರಬಾರದು. "ಲೋ ಗ್ಲುಟೆನ್" ಅಂತ ಇದ್ದರೆ ಅದು 20ರಿಂದ 100ರ ಒಳಗಿನದ್ದು, ನಿನಗಲ್ಲ. ಗಡ್ಬಡ್ ಐಸ್‌ಕ್ರೀಂ ತಿನ್ನುವಾಗ ವೇಫರ್, ಬಿಸ್ಕತ್ತು ಹಾಕಬೇಡಿ ಅಂತ ಲೋಟ ತುಂಬಿಸುವ ಮೊದಲೇ ಹೇಳು. ಮೇಲಿನಿಂದ ಎತ್ತಿ ತೆಗೆದರೆ ಆಗದು. ಕ್ರಿಸ್‌ಮಸ್ಸಿಗೆ ಕುಸ್ವಾರ್ ತಟ್ಟೆ ಕೊಟ್ಟರೆ ಅಕ್ಕಿಹಿಟ್ಟು, ತೆಂಗಿನ ಹಾಲಿನ ಗುಳಿಯೊ ಒಳ್ಳೆಯದೇ, ಆದರೆ ಮೈದಾದ ಕಿಡಿಯೊ ಕರಿದ ಎಣ್ಣೆಯಲ್ಲೇ ಕರಿದದ್ದಾ ಅಂತ ಮನೆಯವರನ್ನು ಕೇಳಲು ಸಂಕೋಚ ಬೇಡ.

ತಿಂದು ಹೊಟ್ಟೆನೋವು ಬರಲಿಲ್ಲ ಅಂತ ಧೈರ್ಯ ಮಾಡಬೇಡ ಮಗಾ. ನೋವಿಲ್ಲದೆಯೂ ಕರುಳಿನ ಒಳಪದರ ಸವೆಯುತ್ತದೆ. ಡಾಕ್ಟರು ಹೇಳಿದ ದಿನಕ್ಕೆ ರಕ್ತಪರೀಕ್ಷೆ ತಪ್ಪಿಸಬೇಡ. ನಿನ್ನ ತಮ್ಮನಿಗೂ ಪರೀಕ್ಷೆ ಮಾಡಿಸಲು ಅಮ್ಮನಿಗೆ ಹೇಳು, ಇದು ಒಡಹುಟ್ಟಿದವರಲ್ಲಿ ಬರುವ ಸಾಧ್ಯತೆ ಹೆಚ್ಚು. ಅವನು ಗೋಧಿ ತಿನ್ನುತ್ತಿರುವಾಗಲೇ ಮಾಡಿಸಬೇಕು, ಬಿಟ್ಟ ಮೇಲೆ ಮಾಡಿಸಿದರೆ ಸರಿಯಾಗಿ ಗೊತ್ತಾಗುವುದಿಲ್ಲ.

ಅಷ್ಟಮಿಗೆ ಬಾ. ಚಕ್ಕುಲಿಗೆ ಅಕ್ಕಿ, ಉದ್ದು ಮನೆಯಲ್ಲೇ ಪುಡಿಮಾಡಿ, ಹೊಸ ಎಣ್ಣೆಯಲ್ಲಿ ಮೊದಲ ಘಾಣ ನಿನಗೆ ತೆಗೆದಿಡುತ್ತೇನೆ. ಎಳ್ಳುಂಡೆ, ಅರಳುಂಡೆಯ ಡಬ್ಬಿಯೂ ಬೇರೆ ಇರುತ್ತದೆ. ಎರಡು ದಿನ ಮೊದಲು ಫೋನ್ ಮಾಡು.

ನಿನ್ನ
ದೊಡ್ಡಮ್ಮ