ಪ್ರದರ್ಶನ ಮುಗೀತು, ಬಲೆಯಣ್ಣನಿಗೆ ಥ್ಯಾಂಕ್ಸ್ ಬಾಕಿ ಉಂಟು

ಅಂತೂ ನಮ್ಮ ಅಳಿದುಹೋದ ದೊಡ್ಡ ಪ್ರಾಣಿಗಳ ಪ್ರದರ್ಶನ ನಿನ್ನೆ ಮುಗೀತು ಮಾರ್ರೆ. ಉಡುಪಿಯ ಈ ಮಳೆಗೂ ಮಕ್ಕಳು ಕೊಡೆ ಹಿಡ್ಕೊಂಡು ಬಂದ್ರು. ಹಾಲ್ ಕೊಟ್ಟ ಹೆಡ್‌ಮಾಸ್ಟ್ರು, ಮ್ಯಾಮತ್ (ಹಿಮಯುಗದ ಉದ್ದ ಕೂದಲಿನ ಆನೆ) ಬಿಡಿಸಿದ ಕಾಲೇಜು ಹುಡುಗ್ರು, ಫ್ಲೆಕ್ಸ್ ಅಂಗಡಿಯವ್ರು, ದಿನಾ ಗೋಳಿಬಜೆ ಕಳಿಸಿದ ಚಿಕ್ಕಮ್ಮ, ಎಲ್ಲರಿಗೂ ಒಟ್ಟಿಗೆ ಥ್ಯಾಂಕ್ಸ್. ಈ ನಡುವೆ ಅಮ್ಮ ಆಸ್ಪತ್ರೆಯ ಐಸಿಯುನಲ್ಲಿ ಇದ್ದದ್ದು ನಿಮಗೆ ಗೊತ್ತೇ ಉಂಟು, ಪುನಃ ಬರೆಯುವುದಿಲ್ಲ.

ಇನ್ನು ಬಲೆಯಣ್ಣ. ಹೆಸರು ಹಾಕ್ಬೇಡ ಅಂದಿದ್ದಾರೆ. ಮಲ್ಪೆಯವ್ರು, ಜೂನ್-ಜುಲೈ ಬೋಟ್ ರಜೆಯಲ್ಲಿ ಬಲೆ ರಿಪೇರಿ ಮಾಡ್ತಾರೆ. ಸ್ಟೆಲ್ಲರನ ಕಡಲ ಹಸುವನ್ನು (ಸಮುದ್ರದ ಪಾಚಿ ತಿಂದು ಬದುಕುತ್ತಿದ್ದ, ಈಗ ಅಳಿದುಹೋದ ದೊಡ್ಡ ಸಸ್ತನಿ) ನಿಜವಾದ ಅಳತೆಯಲ್ಲಿ, ಅಂದ್ರೆ ಸುಮಾರು 8 ಮೀಟರ್ ಉದ್ದಕ್ಕೆ, ಬಿದಿರು ಮತ್ತೆ ಹಳೇ ಬಲೆಯಲ್ಲಿ ಕಟ್ಟಿಕೊಟ್ಟದ್ದು ಅವರೇ. ಐಸಿಯು ಹೊರಗೆ ನಾನೊಬ್ಳೇ ಕೂತಿದ್ದ ಆ ರಾತ್ರಿ, ಯಾರೂ ಕರೆಯದೆ, ಒದ್ದೆ ರೈನ್‌ಕೋಟಲ್ಲಿ ಬಂದ್ರು, ಚೀಲದಿಂದ ಹಸುವಿನ ಬಾಲ ತೆಗೆದು ನೈಲಾನ್ ದಾರ ಹಾಕಿ ನೇಯ್ಲಿಕ್ಕೆ ಶುರು ಮಾಡಿದ್ರು, ವಾಚ್‌ಮ್ಯಾನ್ ಗದರಿದ್ರೂ ಏಳ್ಲಿಲ್ಲ. "ಬಾಲ ದುಂಡಗಾ, ಕವಲಾ?" ಕೇಳಿದ್ರು. ತಿಮಿಂಗಿಲದ ಹಾಗೆ ಕವಲು, ಅಂದೆ. ನಿಜ ಹೇಳ್ಬೇಕಂದ್ರೆ ಆಗ ನನಗೆ ಲೋಕದ ಯಾವ ಪ್ರಾಣಿ ಉಳಿದ್ರೂ ಅಳಿದ್ರೂ ಬೇಕಿರ್ಲಿಲ್ಲ, ಅಮ್ಮ ಒಬ್ರು ಉಳಿದ್ರೆ ಸಾಕಿತ್ತು. ಅತ್ತೆ, ಜೋರಾಗಿಯೇ ಅತ್ತೆ. ಅವರು ಸಮಾಧಾನ ಹೇಳ್ಲಿಲ್ಲ, "ಇದು ಹೇಗೆ ಖಾಲಿ ಆಯ್ತು ಹೇಳು" ಅಂದ್ರು.

ಹೇಳಿದೆ. ಹಿಮಯುಗದಲ್ಲಿ ಜಪಾನಿನಿಂದ ಕ್ಯಾಲಿಫೋರ್ನಿಯಾದವರೆಗೂ ಇತ್ತು, 1741ರಲ್ಲಿ ರಷ್ಯಾದ ಪರವಾಗಿ ಹೊಸ ಜಾಗ ಹುಡುಕ್ಲಿಕ್ಕೆ ಹೊರಟ ಬೇರಿಂಗನ ಹಡಗಿನವ್ರು ಕಂಡಾಗ ರಷ್ಯಾದ ಪೂರ್ವ ಕರಾವಳಿಯಾಚೆಯ ಕಮಾಂಡರ್ ದ್ವೀಪಗಳ ಸುತ್ತ ಮಾತ್ರ ಉಳಿದಿತ್ತು, ಆಮೇಲೆ ತುಪ್ಪಳದ ಬೇಟೆಗೆ ಹೋದವ್ರು ದಾರಿಯ ಊಟಕ್ಕೆ ಕೊಂದ್ರು, 1768ಕ್ಕೆ ಮುಗೀತು. ಇಪ್ಪತ್ತೇಳೇ ವರ್ಷ. ಬಲೆಯಣ್ಣ ಸೂಜಿ ನಿಲ್ಲಿಸಿ, "ಬಂಗುಡೆ ಎಷ್ಟೋ ಸಾವಿರ ಮೊಟ್ಟೆ ಇಡ್ತದೆ, ತೊರಕೆ (ಉದ್ದ ಬಾಲದ ಚಪ್ಪಟೆ ಮೀನು) ಹಾಕುವುದು ಕೆಲವೇ ಮರಿ. ಬಂಗುಡೆಯ ಲೆಕ್ಕದಲ್ಲಿ ತೊರಕೆ ಹಿಡಿದ್ರೆ ಎಂತ ಉಳೀತದೆ?" ಅಂದ್ರು. ನಾನು ನಾಲ್ಕು ಬೋರ್ಡಲ್ಲಿ ಬರೆದದ್ದು ಇಷ್ಟೇ! ಮ್ಯಾಮತ್ ಹೋದದ್ದು ಹವೆ ಬದಲಾಗಿಯಾ ಬೇಟೆಯಿಂದಲಾ ಅಂತ ವಿಜ್ಞಾನಿಗಳ ಜಗಳ ಇನ್ನೂ ಮುಗಿದಿಲ್ಲ, ಎರಡೂ ಸೇರಿಯೇ ಇರಬೇಕು ಅಂತ ನನ್ನ ಅಂದಾಜು. ಆದ್ರೆ 22 ತಿಂಗಳು ಬಸಿರು ಹೊತ್ತು ಒಂದೇ ಮರಿ ಹಾಕುವ ಆನೆಯಂಥದ್ದನ್ನು ಮುಗಿಸ್ಲಿಕ್ಕೆ ಹಿಂಡುಹಿಂಡೇ ಕೊಲ್ಲಬೇಕಂತಿಲ್ಲ, ಹುಟ್ಟುವುದಕ್ಕಿಂತ ಸ್ವಲ್ಪ ಹೆಚ್ಚು ಪ್ರತಿ ವರ್ಷ ಸತ್ತರೆ ಸಾಕು, ಪಕ್ಕದಲ್ಲೇ ಬದುಕಿದವ್ರಿಗೂ ಗೊತ್ತಾಗ್ಲಿಕ್ಕಿಲ್ಲ. ರ‍್ಯಾಂಗೆಲ್ ದ್ವೀಪದಲ್ಲಿ (ರಷ್ಯಾದ ಉತ್ತರಕ್ಕೆ, ಆರ್ಕ್ಟಿಕ್ ಸಮುದ್ರದಲ್ಲಿ) ಸುಮಾರು 4000 ವರ್ಷ ಹಿಂದಿನವರೆಗೂ ಮ್ಯಾಮತ್ ಇದ್ವು, ಗೀಜಾ ಪಿರಮಿಡ್ ಕಟ್ಟಿ ಮುಗಿದ ಮೇಲೂ! ಅಲ್ಲಿ ಸಿಕ್ಕಿಹಾಕ್ಕೊಂಡು ಉಳಿದವು ಕೊನೆಗೆ ಅಲ್ಲೇ ಮುಗಿದವು. ಸುಳ್ಯ, ಕಡಬದಲ್ಲಿ ತೋಟಕ್ಕೆ ಆನೆ ಬಂತು ಅಂತ ಬಯ್ಯುವಾಗ ಕಾಡು ಎಷ್ಟು ತುಂಡಾಗಿದೆ ಅಂತಲೂ ನೋಡ್ಬೇಕಲ್ವಾ?

ಬೆಳಿಗ್ಗೆ ಡಾಕ್ಟ್ರು ಬಂದು ಪರ್ವಾಗಿಲ್ಲ ಅಂದಾಗ ಬಲೆಯಣ್ಣ ಬಾಲ ಮಡಚಿ ಚೀಲಕ್ಕೆ ಹಾಕಿ ಹೊರಟ್ರು. ಅವರ ತೊರಕೆ ಮಾತು ಮೊದಲ ಬೋರ್ಡಿಗೆ ಹೋಯ್ತು, ಹೆಚ್ಚು ಮಕ್ಕಳು ನಿಂತು ಓದಿದ್ದೂ ಅದನ್ನೇ. ಅಮ್ಮ ಈಗ ಗಂಜಿ-ಚಟ್ನಿ ಉಣ್ತಾರೆ, ಉಪ್ಪು ಕಮ್ಮಿ ಅಂತ ಬಯ್ತಾರೆ.

ಕಡಲ ಹಸು ಯಾವ ಶಾಲೆಗೆ ಬೇಕಾದ್ರೂ ಕೊಡ್ತೇವೆ, ಟೆಂಪೋ ನೀವೇ ಮಾಡ್ಕೊಳ್ಳಿ. ಆಗಸ್ಟ್ ಒಂದರಿಂದ ಬಲೆಯಣ್ಣ ಬೋಟಲ್ಲಿರ್ತಾರೆ, ಕಟ್ಟಿ ನಿಲ್ಲಿಸ್ಲಿಕ್ಕೆ ಅವರೇ ಬೇಕು, ಹಾಗಾಗಿ ಅದರ ಮೊದ್ಲೇ ಹೇಳಿ.